ಹಿಂದಿನ ಸಾಲಿಗೆ ಹೋಗದ ಇಡಾ ವೆಲ್ಸ್



ಅಮೆರಿಕದ ಹೆಂಗಸರಿಗೆ 1920ರಲ್ಲಿ ಓಟು ಬಂತು ಅಂತ ಪುಸ್ತಕಗಳು ಹೇಳುತ್ತವೆ. ಯಾವ ಹೆಂಗಸರಿಗೆ? ಈ ಪ್ರಶ್ನೆಯನ್ನು ನಾವು ಕೇಳಬೇಕು. ಕೇಳಿದರೆ ಇಡಾ ಬಿ. ವೆಲ್ಸ್ ಎಂಬ ಕಪ್ಪು ಹೆಣ್ಣುಮಗಳ ಬದುಕು ನಮ್ಮೆದುರು ಬಂದು ನಿಲ್ಲುತ್ತದೆ.

1862ರಲ್ಲಿ ಮಿಸಿಸಿಪ್ಪಿಯಲ್ಲಿ ಇಡಾ ಹುಟ್ಟಿದಾಗ ಅಪ್ಪ ಅವ್ವ ಗುಲಾಮರು. ಹುಟ್ಟಿದ ಕೂಸೂ ಯಜಮಾನನ ಸ್ವತ್ತು. 1878ರಲ್ಲಿ ಹಳದಿ ಜ್ವರ ಅಪ್ಪ ಅವ್ವ ಇಬ್ಬರನ್ನೂ ಕೊಂದಿತು. ಹದಿನಾರರ ಹುಡುಗಿ ಪಾಠ ಹೇಳಿ ತಮ್ಮ ತಂಗಿಯರನ್ನು ಸಾಕಿದಳು. ಮುಂದೆ ಒಂದು ದಿನ ಟಿಕೆಟ್ ಕೊಂಡು ರೈಲಿನ ಹೆಂಗಸರ ಬೋಗಿಯಲ್ಲಿ ಕೂತಿದ್ದಾಗ ಕಂಡಕ್ಟರ್ ಏಳು ಅಂದ. ಹಿಡಿದೆಳೆದವನ ಕೈಯನ್ನು ಕಚ್ಚಿದಳು. ಹೊರಗೆ ದಬ್ಬಿದರು. ಕೋರ್ಟಿಗೆ ಹೋಗಿ 500 ಡಾಲರ್ ಪರಿಹಾರ ಗೆದ್ದಳು. 1887ರಲ್ಲಿ ಮೇಲಿನ ಕೋರ್ಟು ಆ ತೀರ್ಪನ್ನೇ ತಿರುಗಿಸಿ ಹಾಕಿತು.

1892ರಲ್ಲಿ ಮೆಂಫಿಸ್ ಊರಿನಲ್ಲಿ ಮೂವರು ಕಪ್ಪು ಗಂಡಸರನ್ನು ಜೈಲಿನಿಂದ ಎಳೆದೊಯ್ದು ಗುಂಡಿಟ್ಟು ಕೊಂದರು. ಅವರ ತಪ್ಪೇನು? ಅವರ ಕಿರಾಣಿ ಅಂಗಡಿಯಿಂದ ಬಿಳಿಯನ ಅಂಗಡಿಗೆ ವ್ಯಾಪಾರ ಕಮ್ಮಿಯಾಗಿತ್ತು. ಸತ್ತವರಲ್ಲಿ ಒಬ್ಬ, ಥಾಮಸ್ ಮಾಸ್, ಇಡಾಳ ಗೆಳೆಯ. ಆಕೆ ಇಂಥ ಕೊಲೆಗಳ ಲೆಕ್ಕ ತೆಗೆದಳು. ಬಿಳಿ ಹೆಂಗಸರ ಮಾನದ ಮಾತು ಬರೀ ನೆಪ ಅಂತ ಪತ್ರಿಕೆಯಲ್ಲಿ ಬರೆದಳು. ಆಕೆ ಊರಲ್ಲಿ ಇಲ್ಲದಾಗ ಪತ್ರಿಕೆಯ ಕಚೇರಿಯನ್ನೇ ಪುಡಿ ಮಾಡಿದರು. ಆಕೆಯ ಬಾಯಿ ಮಾತ್ರ ಮುಚ್ಚಲಿಲ್ಲ.

ಕೊಲ್ಲುವವರನ್ನು ಕಾಯುವ ಅಧಿಕಾರ ಓಟಿನಿಂದ ಹುಟ್ಟುತ್ತದೆ. ಹಾಗಾದರೆ ಓಟು ನಮ್ಮ ಕೈಗೂ ಬರಬೇಕು. 1913ರ ಜನವರಿಯಲ್ಲಿ ಇಡಾ ಷಿಕಾಗೋದಲ್ಲಿ ಕಪ್ಪು ಹೆಂಗಸರ ಮತದಾನದ ಸಂಘ ಕಟ್ಟಿದಳು, ಹೆಸರು ಆಲ್ಫಾ ಕ್ಲಬ್. ಅದೇ ಮಾರ್ಚ್ 3ರಂದು ವಾಷಿಂಗ್ಟನ್ನಿನಲ್ಲಿ ಸಾವಿರಾರು ಹೆಂಗಸರ ಮೆರವಣಿಗೆ. ದಕ್ಷಿಣದ ಬಿಳಿ ಹೆಂಗಸರು ಮುನಿಸಿಕೊಳ್ಳುತ್ತಾರೆ, ನೀನು ಹಿಂದೆ ಕಪ್ಪು ಹೆಂಗಸರ ಜೊತೆ ನಡಿ ಅಂತ ಇಡಾಗೆ ಹೇಳಿದರು. ಹೇಳಿದವರು ಶತ್ರುಗಳಲ್ಲ, ಸಮಾನತೆ ಕೇಳಲು ಬಂದವರೇ! ಆಕೆ ಒಪ್ಪಲಿಲ್ಲ. ಮೆರವಣಿಗೆ ಹೊರಟ ಮೇಲೆ ಜನರ ಗುಂಪಿನಿಂದ ಹೊರಬಂದು ತನ್ನ ಇಲಿನಾಯ್ ರಾಜ್ಯದ ಸಾಲಿಗೇ ಸೇರಿದಳು. ಇಬ್ಬರು ಬಿಳಿ ಗೆಳತಿಯರು ಅಕ್ಕಪಕ್ಕ ನಡೆದರು.

ಆ ವರ್ಷವೇ ಇಲಿನಾಯ್‌ನಲ್ಲಿ ಹೆಂಗಸರಿಗೆ ಕೆಲವು ಚುನಾವಣೆಗಳಲ್ಲಿ ಓಟು ಸಿಕ್ಕಿತು. ಆಲ್ಫಾ ಹೆಂಗಸರು ಮನೆಮನೆಗೆ ಹೋಗಿ ಹೆಸರು ಬರೆಸಿದರು. ಮನೆಗೆ ಹೋಗಿ ಮಕ್ಕಳನ್ನು ನೋಡಿಕೊಳ್ಳಿ ಅಂತ ಗಂಡಸರು ಗೇಲಿ ಮಾಡಿದರು. ಹೆಂಗಸರು ಬಿಡಲಿಲ್ಲ. 1915ರಲ್ಲಿ ಷಿಕಾಗೋ ನಗರಸಭೆಗೆ ಮೊದಲ ಕಪ್ಪು ಸದಸ್ಯ ಆಸ್ಕರ್ ಡಿ ಪ್ರೀಸ್ಟ್ ಗೆದ್ದು ಬಂದದ್ದರಲ್ಲಿ ಅವರ ದುಡಿಮೆ ಇದೆ.

1920ರ ಕಾನೂನು ಬಂದರೂ ದಕ್ಷಿಣದಲ್ಲಿ ತಲೆಗಂದಾಯ, ಓದುಬರಹದ ಪರೀಕ್ಷೆ, ಬೆದರಿಕೆ ಒಡ್ಡಿ ಕಪ್ಪು ಜನರನ್ನು ಓಟಿನಿಂದ ದೂರ ಇಟ್ಟರು. ಅದಕ್ಕೆ ಮತ್ತೊಂದು ಕಾನೂನು ಬಂದದ್ದು 1965ರಲ್ಲಿ. ಇಡಾ ಸತ್ತದ್ದು 1931ರಲ್ಲಿ.

ವಾಷಿಂಗ್ಟನ್ ಮೆರವಣಿಗೆಯಾದ ನಾಲ್ಕು ತಿಂಗಳಿಗೆ, 1913ರ ಜುಲೈನಲ್ಲಿ, ಬಾಬಾಸಾಹೇಬರು ಓದಲು ನ್ಯೂಯಾರ್ಕಿಗೆ ಬಂದಿಳಿದರು. 1928ರಲ್ಲಿ ಸೈಮನ್ ಆಯೋಗದ ಮುಂದೆ ಅವರು ಕೇಳಿದ್ದು ಓದಿದವರಿಗೆ, ಆಸ್ತಿ ಇದ್ದವರಿಗೆ ಮಾತ್ರ ಓಟು ಅಂತ ಅಲ್ಲ. ವಯಸ್ಸಿಗೆ ಬಂದ ಗಂಡು ಹೆಣ್ಣು ಎಲ್ಲರಿಗೂ. ನಮ್ಮ ಅವ್ವಂದಿರ ಬೆರಳಿನ ಶಾಯಿಯ ಹಿಂದೆ ಈ ಮಾತಿದೆ.

ಹಾಸ್ಟೆಲ್ಲಿನ ತಮ್ಮಂದಿರೆ, ತಂಗಿಯರೆ, ಯೋಚಿಸಿ. 'ಮೊದಲು ಇದು ಆಗಲಿ, ನಿಮ್ಮದು ಆಮೇಲೆ' ಎಂಬ ಮಾತನ್ನು ಹೇಳುವವರು ಯಾವಾಗಲೂ ಮುಂದಿನ ಸಾಲಿನಲ್ಲಿ ನಿಂತವರು. ಈ ಮಾತನ್ನು ಮೇಲ್ಜಾತಿಯ ಪ್ರಗತಿಪರ ಹೇಳಿದರೆ ನಮಗೆ ಸಿಟ್ಟು ಬರುತ್ತದೆ. ಬರಬೇಕು. ಜಾತಿ ಹೋಗಲಿ, ಹೆಣ್ಣಿನ ಪ್ರಶ್ನೆ ಆಮೇಲೆ ಅಂತ ನಮ್ಮ ಕೇರಿಯ ಗಂಡಸೇ ಹೇಳಿದರೆ? ಅದೇ ಸಿಟ್ಟು ಬರಬೇಕು. ಮುಂದಿನ ಸಲ ಮೆರವಣಿಗೆ ಹೊರಟಾಗ ಬ್ಯಾನರು ಯಾರ ಕೈಯಲ್ಲಿದೆ, ಮೈಕು ಯಾರ ಕೈಯಲ್ಲಿದೆ ನೋಡಿ. ಮುಂದಿನ ಸಾಲು ಯಾರಪ್ಪನ ಸ್ವತ್ತೂ ಅಲ್ಲ!