ಮಡಿಕೇರಿಗೆ ಹೋದರೆ ಎಲ್ಲಿ ತಂಗೋಣ?

ಮಳೆಗಾಲ ಮುಗಿದು ಅರ್ಧವಾರ್ಷಿಕ ಪರೀಕ್ಷೆ ಕಳೆಯಿತೆಂದರೆ ತರಗತಿಗಳಲ್ಲಿ ಶೈಕ್ಷಣಿಕ ಪ್ರವಾಸದ ಮಾತು ಏಳುತ್ತದೆ. ಕರಾವಳಿಯ ನಮಗೆ ಬೆಟ್ಟದ ಊರೆಂದರೆ ಮೊದಲು ನೆನಪಾಗುವುದು ಮಡಿಕೇರಿ. ಸುಳ್ಯ ದಾಟಿ ಸಂಪಾಜೆ ಘಾಟಿ ಹತ್ತಿದರೆ ಅರ್ಧ ದಿನದೊಳಗೆ ಸುಮಾರು 1,150 ಮೀಟರ್ ಎತ್ತರದ ತಂಪಿನಲ್ಲಿರುತ್ತೇವೆ. ಎಲ್ಲಿಗೆ ಹೋಗುವುದು ಎಂಬ ಬಗ್ಗೆ ಜಗಳವಿಲ್ಲ. ಜಗಳವಿರುವುದು ರಾತ್ರಿ ಎಲ್ಲಿ ತಂಗುವುದು ಎಂಬುದರ ಬಗ್ಗೆ. ಒಬ್ಬರು ಮೊಬೈಲಿನಲ್ಲಿ ಈಜುಕೊಳವಿರುವ ರೆಸಾರ್ಟ್ ತೋರಿಸುತ್ತಾರೆ. ಇನ್ನೊಬ್ಬರು ಮಂಜು ಮುಸುಕಿದ ಇಳಿಜಾರಿನ ಹೋಂಸ್ಟೇ ತೋರಿಸುತ್ತಾರೆ. ಪೇಟೆಯೊಳಗಿನ ಸಾದಾ ಲಾಡ್ಜ್ ಎಂದರೆ ಎಲ್ಲರ ಮುಖ ಸಪ್ಪೆಯಾಗುತ್ತದೆ. ನಾನು ಆ ಸಾದಾ ಲಾಡ್ಜಿನ ಪರವಾಗಿಯೇ ಬರೆಯುತ್ತಿದ್ದೇನೆ.

ಮೊದಲನೆಯದು ದುಡ್ಡಿನ ಲೆಕ್ಕ. ಒಂದು ಬಸ್ಸಿನಲ್ಲಿ 45 ಮಂದಿ ಹೋಗುತ್ತೇವೆ ಎಂದಿಟ್ಟುಕೊಳ್ಳಿ. ರೆಸಾರ್ಟಿಗೆ ತಲೆಗೆ 500 ರೂಪಾಯಿ ಹೆಚ್ಚಾದರೆ ಒಟ್ಟು 22,500 ರೂಪಾಯಿ ಹೆಚ್ಚಾಯಿತು. ಅಲ್ಲಿಗೇ ಮುಗಿಯುವುದಿಲ್ಲ. ತೋಟದ ಕಿರುದಾರಿಗೆ ದೊಡ್ಡ ಬಸ್ಸು ಇಳಿಯುವುದು ಕಷ್ಟ. ಮುಖ್ಯರಸ್ತೆಯಲ್ಲಿ ಬಸ್ಸು ನಿಲ್ಲಿಸಿ ಜೀಪು ಹಿಡಿಯಬೇಕಾದರೆ ಅದಕ್ಕೂ ಬಾಡಿಗೆ ಕೊಡಬೇಕು. 500 ರೂಪಾಯಿ ಏನು ಮಹಾ ಎನ್ನುವವರು ನಮ್ಮಲ್ಲಿದ್ದಾರೆ. ಬೀಡಿ ಕಟ್ಟಿ ಮಕ್ಕಳನ್ನು ಓದಿಸುತ್ತಿರುವ ಉಮ್ಮಂದಿರು, ಅಮ್ಮಂದಿರು ಕೂಡ ನಮ್ಮ ಕಾಲೇಜಿನ ಪೋಷಕರೇ. ಅವರ ಮಕ್ಕಳು "ದುಡ್ಡಿಲ್ಲ" ಎಂದು ಬಾಯಿಬಿಟ್ಟು ಹೇಳುವುದಿಲ್ಲ. "ನನಗೆ ಬಸ್ಸಿನಲ್ಲಿ ತಲೆ ಸುತ್ತುತ್ತದೆ" ಎನ್ನುತ್ತಾರೆ, "ಮನೆಯಲ್ಲಿ ನೆಂಟರಿದ್ದಾರೆ" ಎನ್ನುತ್ತಾರೆ. ತಂಗುವ ಜಾಗ ಯಾವುದು ಎಂದು ತೀರ್ಮಾನಿಸುವಾಗ, ಬಸ್ಸಿನಲ್ಲಿ ಯಾರು ಇರುವುದಿಲ್ಲ ಎಂಬುದನ್ನೂ ನಾವು ತೀರ್ಮಾನಿಸಿಬಿಡುತ್ತೇವೆ.

ಎರಡನೆಯದು ಇದಕ್ಕಿಂತ ದೊಡ್ಡ ವಿಷಯ, ನೆಲದ್ದು. 2018ರ ಆಗಸ್ಟ್‌ನಲ್ಲಿ ಕೊಡಗಿನಲ್ಲಿ ಗುಡ್ಡಗಳು ಕುಸಿದವು. ನಾವು ಹೋಗುವ ದಾರಿಯಲ್ಲೇ ಇರುವ ಜೋಡುಪಾಲ, ಮದೆನಾಡಿನ ಬಳಿ ಹೆದ್ದಾರಿ ಮಣ್ಣುಪಾಲಾಗಿ ಸಂಚಾರ ನಿಂತಿತು. ಮಕ್ಕಂದೂರು, ಮುಕ್ಕೋಡ್ಲು ಕಡೆ ತೋಟಗಳು ಮನೆಗಳ ಸಮೇತ ಜಾರಿದವು. ಸಾವಿರಾರು ಜನ ಪರಿಹಾರ ಕೇಂದ್ರಗಳಲ್ಲಿ ದಿನ ದೂಡಿದರು. 2020ರ ಆಗಸ್ಟ್‌ನಲ್ಲಿ ತಲಕಾವೇರಿಯಲ್ಲಿ ಬೆಟ್ಟ ಜರಿದು ಅರ್ಚಕರ ಮನೆ ಮಣ್ಣಿನಡಿ ಸೇರಿತು. ಕೊಡಗಿನ ನೆರೆಯ ವಯನಾಡಿನಲ್ಲಿ 2024ರ ಜುಲೈ 30ರಂದು ಮುಂಡಕೈ, ಚೂರಲ್‌ಮಲದಲ್ಲಿ 200ಕ್ಕೂ ಹೆಚ್ಚು ಜನ ತೀರಿಕೊಂಡರು. ಅದು ನಡೆದದ್ದು ನಡುರಾತ್ರಿ ಕಳೆದ ಮೇಲೆ, ಊರೆಲ್ಲ ಮಲಗಿದ್ದಾಗ. ಬೆಟ್ಟದ ಊರಿನಲ್ಲಿ ಎಲ್ಲಿ ಮಲಗುತ್ತೇವೆ ಎಂಬುದು ಸಣ್ಣ ಪ್ರಶ್ನೆಯಲ್ಲ.

ಕೊಡಗಿನ ಕುಸಿತವನ್ನು ಪರಿಶೀಲಿಸಿದ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆಯ ತಜ್ಞರು ಮಳೆಯೊಂದನ್ನೇ ದೂರಲಿಲ್ಲ. ಕಟ್ಟಡಕ್ಕಾಗಿ, ರಸ್ತೆಗಾಗಿ ಇಳಿಜಾರನ್ನು ಕಡಿದದ್ದೂ ಕಾರಣವೆಂದರು. ಇದರ ಹಿಂದಿನ ಸಂಗತಿ ಸರಳ. ಗುಡ್ಡದ ಬುಡವನ್ನು ನೆಟ್ಟಗೆ ಕಡಿದು ಸಮತಟ್ಟು ಮಾಡಿದರೆ ಮೇಲಿನ ಮಣ್ಣಿಗೆ ಆಸರೆ ತಪ್ಪುತ್ತದೆ. ನೀರು ಹರಿದುಹೋಗುವ ತೋಡನ್ನು ಮುಚ್ಚಿದರೆ ಆ ನೀರು ಮಣ್ಣಿನೊಳಗೇ ಇಂಗಿ ಅದರ ಭಾರ ಹೆಚ್ಚುತ್ತದೆ. ಆಮೇಲೆ ಒಂದು ದೊಡ್ಡ ಮಳೆ ಸಾಕು.

"ನಾವು ಹೋಗುವುದು ಡಿಸೆಂಬರಿನಲ್ಲಿ, ಆಗ ಮಳೆ ಎಲ್ಲಿ?" ಎಂದು ಕೇಳಬಹುದು. ನಿಜ, ನಮಗೆ ಆಗ ಅಪಾಯ ಕಡಿಮೆ. ಆದರೆ ನಾವು ಡಿಸೆಂಬರಿನಲ್ಲಿ ದುಡ್ಡು ಕೊಟ್ಟ ಕಟ್ಟಡ ಆಗಸ್ಟ್‌ನಲ್ಲೂ ಅಲ್ಲೇ ನಿಂತಿರುತ್ತದೆ. ಅಲ್ಲಿ ಅಡುಗೆ ಮಾಡುವವರು, ಕೋಣೆ ಗುಡಿಸುವವರು ಆಗಲೂ ಅಲ್ಲೇ ಇರುತ್ತಾರೆ. ಅದರ ಕೆಳಗಿನ ಇಳಿಜಾರಿನಲ್ಲಿ ಕೂಲಿಯವರ ಮನೆಗಳಿರುತ್ತವೆ. ಕಿಟಕಿಯ ನೋಟಕ್ಕೆಂದು ನಾವು ಹೆಚ್ಚು ಕೊಟ್ಟಷ್ಟೂ ಅಂಥ ನೋಟಕ್ಕಾಗಿ ಇನ್ನೊಂದು ಇಳಿಜಾರನ್ನು ಕಡಿಯಲು ಇನ್ನೊಬ್ಬರಿಗೆ ಆಸೆ ಹುಟ್ಟುತ್ತದೆ.

ಪೇಟೆಯೊಳಗೆ ಇದ್ದ ಮಾತ್ರಕ್ಕೆ ಎಲ್ಲವೂ ಭದ್ರ ಎಂದಲ್ಲ. 2018ರಲ್ಲಿ ಮಡಿಕೇರಿ ಪಟ್ಟಣದ ಇಂದಿರಾನಗರ, ಚಾಮುಂಡೇಶ್ವರಿನಗರಗಳಲ್ಲೂ ಮನೆಗಳು ಕುಸಿದಿವೆ. ಆದ್ದರಿಂದ ಮುಂಗಡ ಕೊಡುವ ಮೊದಲು ಫೋನಿನಲ್ಲಿ ಕೆಲವು ಪ್ರಶ್ನೆ ಕೇಳಲೇಬೇಕು. ಕಟ್ಟಡದ ಹಿಂದೆ ಕಡಿದ ಬರೆ ಇದೆಯೇ? 2018ರಲ್ಲಿ ಆ ಸುತ್ತಿನಲ್ಲಿ ಮಣ್ಣು ಜಾರಿತ್ತೇ? ಬಾಗಿಲವರೆಗೆ ಬಸ್ಸು ಬರುತ್ತದೆಯೇ? ರಾತ್ರಿ ಯಾರಿಗಾದರೂ ಹುಷಾರು ತಪ್ಪಿದರೆ ಆಸ್ಪತ್ರೆ ಎಷ್ಟು ದೂರ? 45 ಮಂದಿಗೆ ಬಚ್ಚಲು ಎಷ್ಟು, ಬಿಸಿನೀರು ಎಷ್ಟು ಹೊತ್ತಿನವರೆಗೆ? ಹುಡುಗಿಯರ ಕೋಣೆಗಳೆಲ್ಲ ಒಂದೇ ಮಹಡಿಯಲ್ಲಿವೆಯೇ, ಅದೇ ಮಹಡಿಯಲ್ಲಿ ಮೇಡಂ ಅವರಿಗೂ ಕೋಣೆ ಸಿಗುತ್ತದೆಯೇ? ಬಸ್ಸಿನ ಚಾಲಕರಿಗೆ ಮಲಗಲು ಜಾಗ ಕೊಡುತ್ತಾರೆಯೇ? ಕೊನೆಯ ಪ್ರಶ್ನೆಯನ್ನು ನಾವು ಕೇಳುವುದೇ ಇಲ್ಲ. ನಿದ್ದೆಗೆಟ್ಟ ಚಾಲಕರ ಕೈಗೆ ಘಾಟಿಯ ತಿರುವುಗಳನ್ನು ಒಪ್ಪಿಸಿ ನಾವು ಹಿಂದಿನ ಸೀಟಿನಲ್ಲಿ ಹಾಡು ಹೇಳುತ್ತಿರುತ್ತೇವೆ.

ಪೇಟೆಯಲ್ಲಿ ತಂಗಿದರೆ ನೋಟ ತಪ್ಪುತ್ತದೆ ಎಂಬ ದೂರಿಗೂ ಉತ್ತರವಿದೆ. ಮಡಿಕೇರಿಯ ಒಳ್ಳೆಯ ನೋಟ ಯಾರ ಸ್ವಂತದ್ದೂ ಅಲ್ಲ. ಅದು ರಾಜಾಸೀಟ್‌ನಲ್ಲಿದೆ. ಪೇಟೆಯಿಂದ ಅಲ್ಲಿಗೆ ನಡೆದೇ ಹೋಗಬಹುದು. ಕೋಟೆಯೂ ಹತ್ತಿರವೇ. ಮುದ್ದುರಾಜನ ಕಾಲದ ಆ ಕೋಟೆಯನ್ನು ಟಿಪ್ಪು ಕಲ್ಲಿನಲ್ಲಿ ಕಟ್ಟಿಸಿ ಊರಿಗೆ ಜಾಫರಾಬಾದ್ ಎಂದು ಹೆಸರಿಟ್ಟಿದ್ದ. 1820ರಲ್ಲಿ ಲಿಂಗರಾಜೇಂದ್ರ ಕಟ್ಟಿಸಿದ ಓಂಕಾರೇಶ್ವರ ದೇವಸ್ಥಾನಕ್ಕೆ ನಡುವೆ ಗುಮ್ಮಟ, ನಾಲ್ಕು ಮೂಲೆಗೆ ಮಿನಾರಿನಂಥ ಗೋಪುರಗಳು. ಕೊಡಗಿನ ಅರಸರ ಗದ್ದಿಗೆಗಳಿಗೂ ಗುಮ್ಮಟಗಳಿವೆ. ಇತಿಹಾಸದ ಪುಸ್ತಕದಲ್ಲಿ ಎರಡು ಬೇರೆ ಪಾಠಗಳಲ್ಲಿ ಓದುವುದನ್ನು ಇಲ್ಲಿ ಒಂದೇ ಗೋಡೆಯ ಮೇಲೆ ನೋಡಬಹುದು. ಈಜುಕೊಳ ಮಂಗಳೂರಿನಲ್ಲೂ ಇದೆ.

ಹೋಂಸ್ಟೇಗಳ ಬಗ್ಗೆ ನನಗೆ ಸಿಟ್ಟಿಲ್ಲ. ಕಾಫಿ, ಕರಿಮೆಣಸಿನ ಬೆಲೆ ಬಿದ್ದ ವರ್ಷ ಅನೇಕ ಮನೆಗಳಿಗೆ ಅತಿಥಿಗಳೇ ಆಸರೆ. ಆದರೆ ಹೋಂಸ್ಟೇ ಎಂದರೆ ಮನೆಯವರು ವಾಸವಿರುವ, ಪ್ರವಾಸೋದ್ಯಮ ಇಲಾಖೆಯಲ್ಲಿ ನೋಂದಾಯಿಸಿದ ಮನೆ. ಅದು ನಾಲ್ಕೈದು ಜನರ ಕುಟುಂಬಕ್ಕೆ ಸರಿ. ಮನೆಯವರೇ ಅಲ್ಲಿ ಮಲಗುತ್ತಾರೆಂದರೆ ಆ ನೆಲದ ಮೇಲೆ ಅವರಿಗೂ ಕಾಳಜಿ ಇರುತ್ತದೆ. 45 ಮಕ್ಕಳನ್ನು ಒಟ್ಟಿಗೆ ಇಳಿಸಿಕೊಳ್ಳುತ್ತೇವೆ ಎನ್ನುವ ಕಟ್ಟಡವನ್ನು ಹೋಂಸ್ಟೇ ಎನ್ನುವುದು ಹೇಗೆ?

ದಿನದ ಆಯ್ಕೆಯೂ ಮುಖ್ಯ. ಶನಿವಾರ, ಭಾನುವಾರ ಬೆಂಗಳೂರಿನ ಕಾರುಗಳು ಬೆಟ್ಟ ತುಂಬುತ್ತವೆ, ಬಾಡಿಗೆಯೂ ಏರುತ್ತದೆ. ದಸರಾ ಸಮಯದಲ್ಲಂತೂ ಕೋಣೆ ಸಿಗುವುದೇ ಕಷ್ಟ. ಸೋಮವಾರ ಹೊರಟು ಮಂಗಳವಾರ ಮರಳಿದರೆ ದುಡ್ಡೂ ಉಳಿಯುತ್ತದೆ, ಶುಕ್ರವಾರದ ಜುಮಾಕ್ಕೂ ತೊಂದರೆಯಾಗುವುದಿಲ್ಲ. ಪೇಟೆಯಲ್ಲಿದ್ದರೆ ನಮಾಝಿಗೆ ಮಸೀದಿ ಹತ್ತಿರ, ಸಸ್ಯಾಹಾರಿ ಗೆಳತಿಯರಿಗೆ ಊಟದ ಹೋಟೆಲೂ ಹತ್ತಿರ.

ಪ್ರವಾಸ ಸಮಿತಿಯ ಅಧ್ಯಾಪಕರಲ್ಲಿ ನನ್ನ ವಿನಂತಿ ಇಷ್ಟೆ. ಈ ವರ್ಷ ತಂಗುವ ಜಾಗವನ್ನು ಗೊತ್ತು ಮಾಡುವ ಮೊದಲು ಎರಡು ಮೂರು ಜಾಗಗಳ ಬಾಡಿಗೆ, ದಾರಿ, ಮೇಲೆ ಹೇಳಿದ ಪ್ರಶ್ನೆಗಳಿಗೆ ಸಿಕ್ಕ ಉತ್ತರ, ಇವಿಷ್ಟನ್ನು ನೋಟಿಸ್ ಬೋರ್ಡಿಗೆ ಹಾಕಿ. ಗೆಳೆಯ ಗೆಳತಿಯರಲ್ಲಿಯೂ ಒಂದು ಮಾತು: ಕೈ ಎತ್ತುವ ಮೊದಲು ಪಕ್ಕದ ಬೆಂಚಿನಲ್ಲಿ ಕೈ ಎತ್ತದೆ ಕುಳಿತವರನ್ನೊಮ್ಮೆ ನೋಡಿ.

– ವಿದ್ಯಾರ್ಥಿನಿ, ದ್ವಿತೀಯ ಪಿಯುಸಿ, ಕಲಾ ವಿಭಾಗ