ಅಳುವ ಓದುಗರ ಪರವಾಗಿ

ಸೋದರ ಪತ್ರಿಕೆಯೊಂದು ನಮ್ಮ ಹಿಂದಿನ ಸಂಚಿಕೆಯ ಮೂರು ಕಥೆಗಳನ್ನು ಒಟ್ಟಿಗೆ ಕಟ್ಟಿ ‘ಕರ್ಚೀಫು ಸಾಹಿತ್ಯ’ ಎಂದು ಹೆಸರಿಟ್ಟಿದೆ. ಬರೆದವರು ನಾವೆಲ್ಲ ಬಲ್ಲ ಹಿರಿಯ ವಿಮರ್ಶಕರು. ಜಯನಗರ ನಾಲ್ಕನೇ ಬ್ಲಾಕಿನಲ್ಲಿ ಸಿಕ್ಕಾಗ ಹೆಗಲ ಮೇಲೆ ಕೈಹಾಕಿ ಬೈಟೂ ಕಾಫಿ ಕುಡಿಸುವವರು. ಹೆಸರು ಹೇಳುವುದಿಲ್ಲ, ಹೇಳದಿದ್ದರೂ ನಿಮಗೆ ಗೊತ್ತಾಗುತ್ತದೆ. ಕಥೆಗಾರನ ಕೆಲಸ ಓದುಗರ ಕಣ್ಣು ತೆರೆಸುವುದೇ ಹೊರತು ಕಣ್ಣು ಒದ್ದೆ ಮಾಡುವುದಲ್ಲ ಎಂಬುದು ಅವರ ತೀರ್ಪು. ಎರಡಕ್ಕೂ ಇರುವುದು ಅದೇ ಕಣ್ಣು ತಾನೇ ಸ್ವಾಮಿ?

ಈ ಚಾಳಿ ಇವರಿಂದ ಶುರುವಾದದ್ದಲ್ಲ. ಅರವತ್ತರ ದಶಕದಲ್ಲಿ ನವ್ಯದ ಅಬ್ಬರ ಏರಿದಾಗ ಅನಕೃ, ತ್ರಿವೇಣಿ, ಎಂ.ಕೆ. ಇಂದಿರಾ ಎಲ್ಲರಿಗೂ ‘ಜನಪ್ರಿಯ’ ಎಂಬ ಹಣೆಪಟ್ಟಿ ಹಚ್ಚಿ ಪಕ್ಕಕ್ಕೆ ಕೂರಿಸಿದರು. ಹೆಂಗಸರು ಬರೆದದ್ದಕ್ಕೆ ‘ಅಡುಗೆಮನೆ ಸಾಹಿತ್ಯ’ ಎಂಬ ಪ್ರತ್ಯೇಕ ಬಿರುದು. ಅಡುಗೆಮನೆಯಲ್ಲಿ ನಿಂತು ಸೀರೆಯ ಸೆರಗಿನಲ್ಲಿ ಕಣ್ಣೊರೆಸಿಕೊಂಡು ಓದುತ್ತಿದ್ದವರೇ ಕನ್ನಡ ಪ್ರಕಾಶಕರ ಹೊಟ್ಟೆ ಹೊರೆದವರು ಎಂಬುದನ್ನು ಆಗ ಯಾರೂ ನೆನೆಯಲಿಲ್ಲ. ನವ್ಯರಿಂದ ನಮಗೆ ಸಿಕ್ಕಿದ್ದು ಬಹಳವಿದೆ, ಒಪ್ಪೋಣ. ಆದರೆ ಪುಸ್ತಕ ಓದಿ ಅತ್ತೆ ಎಂದು ಹೇಳಿಕೊಳ್ಳಲು ನಾಚುವ ಒಂದು ಪೀಳಿಗೆಯನ್ನು ತಯಾರು ಮಾಡಿದ್ದೂ ಅವರೇ. ಇಂಗ್ಲಿಷಿನಲ್ಲಿ ಖಾಲಿದ್ ಹುಸೇನಿ ಓದಿ ಅಳುವ ಮಗಳಿಗೆ ಟಿಶ್ಯೂ ಕಾಗದ ಎತ್ತಿಕೊಡುವ ಅಪ್ಪಂದಿರೇ ತ್ರಿವೇಣಿಯ ಹೆಸರೆತ್ತಿದರೆ ಮುಗುಳ್ನಗುತ್ತಾರೆ. ಜೆ.ಪಿ. ನಗರದ ಅಪಾರ್ಟ್‌ಮೆಂಟುಗಳ ಓದುಬಳಗಗಳಲ್ಲಿ ಇದನ್ನು ಕಣ್ಣಾರೆ ಕಂಡಿದ್ದೇನೆ.

ತ್ರಿವೇಣಿಯವರ ಮೊದಲ ಕಾದಂಬರಿ ‘ಹೂವು ಹಣ್ಣು’ ಬಂದದ್ದು 1953ರಲ್ಲಿ. ಹೆರಿಗೆಯಾದ ಕೆಲವೇ ದಿನಗಳಲ್ಲಿ ಅವರು ತೀರಿಕೊಂಡದ್ದು 1963ರ ಜುಲೈ 29ರಂದು, ಮೂವತ್ತೈದು ತುಂಬುವ ಮೊದಲೇ. ನಡುವಿನ ಹತ್ತು ವರ್ಷ ಅವರ ಕೈಗೆ ಪುರುಸೊತ್ತಿರಲಿಲ್ಲ. ‘ಶರಪಂಜರ’ದ ಕಾವೇರಿ ಹೆರಿಗೆಯ ನಂತರ ಮನಸ್ಸಿನ ಕಾಯಿಲೆಗೆ ಬೀಳುತ್ತಾಳೆ, ಚಿಕಿತ್ಸೆ ಪಡೆದು ಗುಣವಾಗಿ ಮನೆಗೆ ಮರಳುತ್ತಾಳೆ. ಗಂಡನಿಂದ ಹಿಡಿದು ನೆರೆಹೊರೆಯವರ ತನಕ ಯಾರೂ ಅವಳು ಗುಣವಾಗಿದ್ದಾಳೆಂದು ನಂಬುವುದಿಲ್ಲ. ಬಾಣಂತಿಗೆ ಬಂದದ್ದು ದೆವ್ವವೂ ಅಲ್ಲ, ಸೊಕ್ಕೂ ಅಲ್ಲ, ಕಾಯಿಲೆ ಎಂದು ಕನ್ನಡದ ಎಷ್ಟೋ ಮನೆಗಳಿಗೆ ಮೊದಲು ತಿಳಿದದ್ದು ಈ ‘ಕಣ್ಣೀರಿನ ಕಾದಂಬರಿ’ಯಿಂದ. ಜಯನಗರದ ಮಗ್ಗುಲಲ್ಲೇ ಇರುವ ನಿಮ್ಹಾನ್ಸ್‌ನಲ್ಲಿ ಇಂಥ ತಾಯಂದಿರನ್ನು ಕೂಸಿನ ಸಮೇತ ಸೇರಿಸಿಕೊಂಡು ಚಿಕಿತ್ಸೆ ಕೊಡುವ ವಿಭಾಗ ತೆರೆದದ್ದು 2009ರಲ್ಲಿ. ಮನಶ್ಶಾಸ್ತ್ರ ಓದಿಕೊಂಡಿದ್ದ ಮೈಸೂರಿನ ಹೆಣ್ಣುಮಗಳೊಬ್ಬಳು ಅದಕ್ಕೆ ನಾಲ್ಕು ದಶಕಕ್ಕೂ ಮೊದಲೇ ಬರೆದಿಟ್ಟಿದ್ದಳು. ಕಣ್ಣು ತೆರೆಸುವುದು ಎಂದರೆ ಇನ್ನೇನು?

ಹಳೆಯ ಪುಸ್ತಕದ ಅಂಗಡಿಯಲ್ಲಿ ನನಗೆ ಸಿಕ್ಕ ‘ಶರಪಂಜರ’ ಒಂದು ಕಾಲದಲ್ಲಿ ಯಾವುದೋ ಸರ್ಕ್ಯುಲೇಟಿಂಗ್ ಲೈಬ್ರರಿಯದು. ಕಂದು ರಟ್ಟಿನ ಬೈಂಡು, ಒಳಗೆ ಅಳಿಸಿಹೋದ ನೇರಳೆ ಮುದ್ರೆ, ವಾಪಸು ಕೊಡಬೇಕಾದ ತಾರೀಖುಗಳ ಚೀಟಿ ಎರಡೂ ಬದಿ ತುಂಬಿ ಅಂಟಿನಿಂದ ಅರ್ಧ ಕಿತ್ತುಬಂದಿದೆ. ಅಂಚಿನಲ್ಲಿ ಮೂರು ಕೈಬರಹ. ಪೆನ್ಸಿಲಿನಲ್ಲಿ ಒಬ್ಬರು ಬರೀ ‘ಪಾಪ’ ಎಂದು ಬರೆದಿದ್ದಾರೆ. ಮುಂದೆ ನೀಲಿ ಶಾಯಿಯಲ್ಲಿ, ಗಂಡನ ಮಾತಿನ ಎದುರು: ‘ಇವನಿಗೆ ಬುದ್ಧಿ ಬೇಡವೇ?’ ಕೊನೆಯ ಪುಟಗಳ ಹತ್ತಿರ, ಬೇರೆಯದೇ ಸಣ್ಣ ಅಕ್ಷರದಲ್ಲಿ: ‘ನಮ್ಮ ಮನೆಯಲ್ಲೂ ಹೀಗೇ ಆಯಿತು.’ ಕನಿಕರ, ಸಿಟ್ಟು, ಸಾಕ್ಷ್ಯ. ನಮ್ಮ ವಿಮರ್ಶಕರು ನಲವತ್ತು ಪುಟದಲ್ಲಿ ಮಾಡುವುದನ್ನು ಮೂವರು ಅಪರಿಚಿತರು ಅಂಚಿನಲ್ಲೇ ಮುಗಿಸಿದ್ದಾರೆ, ಅಡಿಟಿಪ್ಪಣಿಯ ಕಾಟವೂ ಇಲ್ಲದೆ. (‘ಶರಪಂಜರ’, ‘ಬೆಳ್ಳಿಮೋಡ’ಗಳನ್ನು ತೆರೆಗೆ ತಂದ ಪುಟ್ಟಣ್ಣ ಕಣಗಾಲರ ಹೆಸರಿನ ಚಿತ್ರಮಂದಿರ ಜಯನಗರ ಕಾಂಪ್ಲೆಕ್ಸಿನಲ್ಲಿತ್ತು. ಅದನ್ನೂ ಒಡೆದು ಹಾಕಿದರು. ಅದರ ಬಗ್ಗೆ ಇನ್ನೊಮ್ಮೆ ಜಗಳವಾಡುತ್ತೇನೆ.)

ಶಾಸ್ತ್ರ ಬೇಕೆನ್ನುವವರಿಗೆ ಶಾಸ್ತ್ರವೂ ಇದೆ. ಭರತನು ಎಂಟು ಸಾತ್ತ್ವಿಕ ಭಾವಗಳನ್ನು ಎಣಿಸುವಾಗ ಅಶ್ರುವನ್ನೂ ಸೇರಿಸಿದ್ದಾನೆ. ಕರುಣವೇ ಮೂಲರಸ ಎಂದವನು ಭವಭೂತಿ. ರಾಘವಾಂಕನ ಹರಿಶ್ಚಂದ್ರ ಕಾವ್ಯದಲ್ಲಿ ಚಂದ್ರಮತಿ ಸತ್ತ ಮಗನ ಮುಂದೆ ಗೋಳಾಡುವ ಭಾಗವನ್ನು ಗಮಕಿಗಳು ಓದುವಾಗ ಸಭೆ ಅಳದಿದ್ದರೆ ಗಮಕಿಯ ಕಂಠಕ್ಕೆ ಮೋಸ. ಆ ಅಳುವಿನಲ್ಲೂ ಯಾಕೆ ಆನಂದವಿದೆ ಎಂಬುದನ್ನು ತೀ.ನಂ. ಶ್ರೀಕಂಠಯ್ಯನವರು ‘ಭಾರತೀಯ ಕಾವ್ಯಮೀಮಾಂಸೆ’ಯಲ್ಲಿ ನಮ್ಮಂಥವರಿಗೂ ತಿಳಿಯುವ ಕನ್ನಡದಲ್ಲಿ ಬಿಡಿಸಿಟ್ಟಿದ್ದಾರೆ. ಎಂ.ಎ. ತರಗತಿಯಲ್ಲಿ ಅದನ್ನು ಪಾಠ ಮಾಡಿದವರೇ ನಿವೃತ್ತಿಯ ನಂತರ ಕರ್ಚೀಫಿನ ಲೆಕ್ಕ ತೆಗೆಯುತ್ತಿದ್ದಾರೆ.

ಈಗ ‘ಗೃಹಭಂಗ’ಕ್ಕೆ ಬರುತ್ತೇನೆ. 2025ರ ಸೆಪ್ಟೆಂಬರ್ 24ರಂದು ಭೈರಪ್ಪನವರು ತೀರಿಕೊಂಡಾಗ ಅವರ ರಾಜಕೀಯದ ಪರ ಒಂದು ರಾಶಿ, ವಿರೋಧ ಒಂದು ರಾಶಿ ಬರಹ ಬಂತು. ‘ಪರ್ವ’ ದೊಡ್ಡದೋ, ‘ಆವರಣ’ ಎಂಥದ್ದೋ ಎಂಬ ಹಳೆಯ ವ್ಯಾಜ್ಯಕ್ಕೆ ಪುಟಗಟ್ಟಲೆ ಜಾಗ. ನಾನು ಓದಿದ ನುಡಿನಮನಗಳಲ್ಲಿ ನಂಜಮ್ಮ ಮಾತ್ರ ಅಷ್ಟಾಗಿ ಕಾಣಲಿಲ್ಲ. 1970ರಲ್ಲಿ ಬಂದ ಆ ಕಾದಂಬರಿಯಲ್ಲಿ ಕೈಲಾಗದ ಗಂಡನ ಶಾನುಭೋಗಿಕೆಯ ಲೆಕ್ಕವನ್ನು ತಾನೇ ಬರೆಯುವವಳು ಅವಳು. ಮುತ್ತುಗದ ಎಲೆ ಹಚ್ಚಿ ಮಾರಿ ಮಕ್ಕಳನ್ನು ಸಾಕುವವಳು. ಮದುವೆಯಾದ ಪಾರ್ವತಿಯನ್ನೂ ಓದುವ ರಾಮಣ್ಣನನ್ನೂ ಪ್ಲೇಗು ಕೊಂಡೊಯ್ಯುತ್ತದೆ. ಆ ಪುಟಗಳಲ್ಲಿ ಲೇಖಕರು ಎಲ್ಲೂ ದನಿ ಏರಿಸುವುದಿಲ್ಲ. ಜ್ವರ, ಗೆಡ್ಡೆ, ಊರಾಚೆಯ ಷೆಡ್ಡು, ಯಾರು ಬಂದರು, ಯಾರು ಬರಲಿಲ್ಲ, ಇಷ್ಟೇ. ಶಾನುಭೋಗರ ಕಿರ್ದಿಯಷ್ಟು ಒಣ ಗದ್ಯ. ಭೈರಪ್ಪನವರ ಸ್ವಂತ ಅಣ್ಣ, ಅಕ್ಕ ಪ್ಲೇಗಿಗೆ ಒಂದೇ ದಿನ ಹೋದವರು, ಮುಂದೆ ತಾಯಿಯೂ ಅದೇ ರೋಗಕ್ಕೆ. ‘ಭಿತ್ತಿ’ ಓದಿದವರಿಗೆ ಇದು ಗೊತ್ತು. ಸ್ವಂತ ಮನೆಯ ಸಾವನ್ನು ಇಷ್ಟು ನಿಗ್ರಹದಿಂದ ಬರೆದ ಮೇಲೆ ಅಳುವ ಕೆಲಸ ಪೂರ್ತಿ ಓದುಗರದ್ದೇ.

ಬನಶಂಕರಿಗೆ ಹೋಗುವ ಬಸ್ಸಿನಲ್ಲಿ ಅದೇ ಭಾಗ ಓದುತ್ತ ನಾನು ಕಣ್ಣೊರೆಸಿಕೊಂಡಾಗ ಪಕ್ಕದ ಸೀಟಿನ ಹೆಂಗಸು, ‘ಯಾಕಪ್ಪಾ, ಮನೇಲಿ ಏನಾದ್ರೂ ಆಯ್ತಾ?’ ಎಂದರು. ಪುಸ್ತಕದ ಮುಖಪುಟ ತೋರಿಸಿದೆ. ‘ಓ, ಪಾರ್ವತಿ ಹೋದ್ಲಾ’ ಎಂದು ಅವರೂ ಸುಮ್ಮನಾದರು.

ಅಗ್ಗದ ಕಣ್ಣೀರು ಇದೆಯೇ? ಧಾರಾಳವಾಗಿದೆ. ಅದರ ಮೂಟೆ ಈ ಕಚೇರಿಗೇ ಬಂದು ಬೀಳುತ್ತದೆ. ಅಮೆರಿಕದಲ್ಲಿ ಮಗ, ಜಯನಗರದಲ್ಲಿ ಸೈಟು ಕೊಂಡು ಕಟ್ಟಿಸಿದ ಮನೆ, ಅಂಗಳದಲ್ಲಿ ಪಾರಿಜಾತ, ಬಿಲ್ಡರಿನ ಕಣ್ಣು, ತಾಯಿ ವೃದ್ಧಾಶ್ರಮಕ್ಕೆ, ಕೊನೆಗೆ ಯಾರೂ ಎತ್ತದ ವಿಡಿಯೋ ಕಾಲು. ಐಸಿಯು ಇಲ್ಲದಿದ್ದರೆ ಅಲ್ಝೈಮರ್ಸ್. ಈ ಕಥೆ ಬೇರೆ ಬೇರೆ ಹೆಸರಿನಲ್ಲಿ ವರ್ಷವಿಡೀ ಬರುತ್ತದೆ, ದೀಪಾವಳಿ ಸ್ಪರ್ಧೆಯ ಕಾಲದಲ್ಲಿ ಇಮ್ಮಡಿ. ಇವನ್ನು ವಾಪಸು ಕಳಿಸುವುದು ಅಳಿಸುತ್ತವೆ ಎಂಬ ಕಾರಣಕ್ಕಲ್ಲ, ಅಳಿಸಲು ಆಗುವುದಿಲ್ಲ ಎಂಬ ಕಾರಣಕ್ಕೆ. ಆ ತಾಯಿ ಬೆಳಗ್ಗೆ ಏನು ತಿಂದಳು, ಮಗನ ಮೇಲೆ ಅವಳಿಗೆ ಎಂದಾದರೂ ಸಿಟ್ಟು ಬಂತೇ, ಅವಳು ಜಿಪುಣಿಯೇ, ಜಗಳಗಂಟಿಯೇ, ಒಂದೂ ಕಥೆಗಾರರಿಗೆ ಗೊತ್ತಿಲ್ಲ. ವೈದೇಹಿಯವರ ಅಕ್ಕು ಮನೆಯವರೆಲ್ಲರ ಗೇಲಿಗೆ ಸಿಕ್ಕವಳು, ಅವಳ ನಾಲಿಗೆಯೂ ಸಣ್ಣದಲ್ಲ. ಮೊದಲು ನಗು ಬರುತ್ತದೆ, ಆಮೇಲೆ ನಕ್ಕಿದ್ದಕ್ಕೆ ಹೊಟ್ಟೆ ಕಿವುಚುತ್ತದೆ. ವಿಮರ್ಶಕರು ಹೇಳಿಕೊಡಬೇಕಾದದ್ದು ಈ ವ್ಯತ್ಯಾಸವನ್ನು. ಅದು ಕಷ್ಟದ ಕೆಲಸ. ಎಲ್ಲವನ್ನೂ ‘ಭಾವುಕ’ ಎಂದು ಬರೆದು ಕೈತೊಳೆದುಕೊಳ್ಳುವುದು ಸಲೀಸು.

2025ರ ಮೇ 20ರಂದು ಬಾನು ಮುಷ್ತಾಕ್, ದೀಪಾ ಭಾಸ್ತಿ ಇಬ್ಬರಿಗೆ ಅಂತಾರಾಷ್ಟ್ರೀಯ ಬುಕರ್ ಬಂದಾಗ ಎಲ್ಲರೂ ಚಪ್ಪಾಳೆ ತಟ್ಟಿದರು, ನಮ್ಮ ಹಿರಿಯರೂ ತಟ್ಟಿದರು. ಆ ಹನ್ನೆರಡು ಕಥೆಗಳ ಸಂಕಲನಕ್ಕೆ ಹೆಸರು ಕೊಟ್ಟ ‘ಎದೆಯ ಹಣತೆ’ಯಲ್ಲಿ ಸೀಮೆಎಣ್ಣೆ ಸುರಿದುಕೊಂಡ ತಾಯಿಯನ್ನು ತಡೆಯುವುದು ಕಂಕುಳಲ್ಲಿ ಕೂಸು ಹೊತ್ತ ದೊಡ್ಡ ಮಗಳು. ಕರ್ಚೀಫು ಇಲ್ಲದೆ ಅದನ್ನು ಓದಿ ಮುಗಿಸಿದವರು ಯಾರಾದರೂ ಇದ್ದರೆ ನನಗೆ ಒಮ್ಮೆ ತೋರಿಸಿ. ಇದೇ ದೃಶ್ಯವನ್ನು ಹಾಸನದ ಬದಲು ಬಿಟಿಎಂ ಲೇಔಟಿನ ಹೊಸ ಹುಡುಗಿಯೊಬ್ಬಳು ಬರೆದು, ಲಂಡನ್ನಿನ ಮುದ್ರೆಯಿಲ್ಲದೆ ನಾವು ಅಚ್ಚುಹಾಕಿದ್ದರೆ ‘ಮೆಲೋಡ್ರಾಮ’ ಎಂಬ ಪದ ಎಷ್ಟು ಹೊತ್ತಿಗೆ ಬರುತ್ತಿತ್ತು ಎಂದು ಯೋಚಿಸಿ.

ಕನ್ನಡಕ್ಕೆ ಓದುಗರಿಲ್ಲ ಎಂಬುದು ಇದೇ ಬಳಗದ ಇನ್ನೊಂದು ಗೋಳು. ಓದುಗರನ್ನು ಅರ್ಧ ಶತಮಾನ ಹಂಗಿಸಿದ ಮೇಲೆ ಅವರು ಎಲ್ಲಿ ಉಳಿಯುತ್ತಾರೆ? ಉಳಿದವರಿಗಾದರೂ ಪುಸ್ತಕ ಸಿಗಬೇಕಲ್ಲ. 1965ರ ಗ್ರಂಥಾಲಯ ಕಾಯ್ದೆಯ ಪ್ರಕಾರ ನಿಮ್ಮ ಆಸ್ತಿ ತೆರಿಗೆಯ ಜೊತೆ ಶೇ. 6ರಷ್ಟು ಗ್ರಂಥಾಲಯ ಕರ ಕಟ್ಟುತ್ತಿದ್ದೀರಿ, ರಸೀದಿ ತೆಗೆದು ನೋಡಿ. ವಸೂಲಾದ ಕರವನ್ನು ಪಾಲಿಕೆ ಗ್ರಂಥಾಲಯ ಇಲಾಖೆಗೆ ದಾಟಿಸದೆ ಕೋಟಿಗಟ್ಟಲೆ ಬಾಕಿ ಉಳಿಸಿಕೊಂಡ ಸುದ್ದಿ ಪತ್ರಿಕೆಗಳಲ್ಲಿ ಮತ್ತೆ ಮತ್ತೆ ಬಂದಿದೆ. ಈಗ ಬಿಬಿಎಂಪಿ ಹೋಗಿ ಐದು ಪಾಲಿಕೆಗಳಾಗಿವೆ. ಹಳೆಯ ಬಾಕಿಯನ್ನು ಯಾರು ಕೊಡುತ್ತಾರೆ ಎಂದು ನಮ್ಮ ಸಾಹಿತಿಗಳು ಒಂದು ಮನವಿಪತ್ರಕ್ಕಾದರೂ ಸಹಿ ಹಾಕಲಿ. ಸಗಟು ಖರೀದಿಯ ಪಟ್ಟಿಯಲ್ಲಿ ತಮ್ಮ ಪುಸ್ತಕ ಬಿಟ್ಟುಹೋದಾಗ ಮಾತ್ರ ಪ್ರಜಾಪ್ರಭುತ್ವ ನೆನಪಾಗುವುದು ಬೇಡ.

ಮುಂದಿನದು ಓದುಗರ ಸಂಚಿಕೆ. ನಿಮ್ಮನ್ನು ಅಳಿಸಿದ ಒಂದು ಕನ್ನಡ ಪುಸ್ತಕ, ಅದರಲ್ಲಿ ನೀವು ಮುಂದೆ ಓದಲಾಗದೆ ನಿಂತ ಪುಟ, ಯಾಕೆ ನಿಂತಿರಿ, ಇಷ್ಟನ್ನು ಎರಡು ಪುಟ ಮೀರದಂತೆ ಬರೆದು ಜನವರಿ 15ರೊಳಗೆ ಕಳಿಸಿ. ವಿಮರ್ಶಕರೂ ಕಳಿಸಬಹುದು, ಹೆಸರು ಗುಟ್ಟಾಗಿಡುತ್ತೇವೆ. ವೃದ್ಧಾಶ್ರಮದ ಕಥೆಗಳನ್ನು ಮಾತ್ರ ದಯವಿಟ್ಟು ಕಳಿಸಬೇಡಿ.