ಜೀಪಿನ ಕಾಲಿಗೆ ತಕ್ಕ ಕೆರ



ಈ ಪುಟದಲ್ಲಿ ಸಾಮಾನ್ಯವಾಗಿ ಧಾರಣೆ, ಗೊಬ್ಬರ, ಕಾಂಡಕೊರಕ, ಕೊಳೆರೋಗಗಳ ವಿಚಾರವೇ ಬರುತ್ತದೆ. ಈ ಸಲ ಜೀಪಿನ ಚಕ್ರದ ಮಾತೆತ್ತಿರುವುದನ್ನು ಕಂಡು ಕೆಲವರು ಹುಬ್ಬೇರಿಸಬಹುದು. ಆದರೆ ಐದೋ ಹತ್ತೋ ಎಕರೆಯ ಸಣ್ಣ ಹಿಡುವಳಿದಾರನ ಮನೆಯಲ್ಲಿ ಹಳೆಯ ಜೀಪೆಂದರೆ ಸವಾರಿಯ ವಾಹನವಲ್ಲ. ಕೊಟ್ಟಿಗೆಯ ಎತ್ತಿನ ಹಾಗೆ ಅದೂ ಮನೆಯ ದುಡಿಮೆಗಾರನೇ. ಹಣ್ಣಿನ ಮೂಟೆ ಕಣಕ್ಕೆ ಬರುವುದು ಅದರಲ್ಲಿ, ಬೋರ್ಡೋ ದ್ರಾವಣದ ಡ್ರಮ್ಮು ಅಡಿಕೆ ತೋಟಕ್ಕೆ ಇಳಿಯುವುದು ಅದರಲ್ಲಿ, ರಾತ್ರಿ ಹೊತ್ತು ಕಾಯಿಲೆಯವರು ಆಸ್ಪತ್ರೆಗೆ ಹೋಗುವುದೂ ಅದರಲ್ಲಿಯೇ. ಎತ್ತಿಗೆ ಲಾಳ ಕಟ್ಟಿಸುವಾಗ ತೋರುವಷ್ಟು ಎಚ್ಚರವನ್ನು ಜೀಪಿಗೆ ಚಕ್ರ ಹಾಕಿಸುವಾಗ ನಾವು ತೋರುತ್ತಿಲ್ಲವೆಂಬುದೇ ಈ ಲೇಖನಕ್ಕೆ ಕಾರಣ.

ನಮ್ಮ ದೇಶದಲ್ಲಿ ಮಹೀಂದ್ರದವರು ವಿಲ್ಲಿಸ್ ಜೀಪನ್ನು ಜೋಡಿಸಲು ತೊಡಗಿದ್ದು 1940ರ ದಶಕದ ಕೊನೆಯಲ್ಲಿ. ಎತ್ತರದ ಬಾನೆಟ್ಟಿನ ಸಿಜೆ 3ಬಿ ಮಾದರಿ ಅಮೆರಿಕದಲ್ಲಿ ಹೊರಬಂದದ್ದು 1953ರಲ್ಲಿ. ಅದೇ ಮುಂದೆ ನಮ್ಮ ಮಲೆನಾಡಿನ ಗುರುತಾಯಿತು. ಈ ಜೀಪುಗಳಿಗೆ ಮೂಲದಲ್ಲಿ ಬರುತ್ತಿದ್ದದ್ದು 6.00-16 ಅಳತೆಯ ಟಯರು, 4.5 ಇಂಚು ಅಗಲದ 16 ಇಂಚಿನ ರಿಮ್ಮು. ಟಯರಿನ ಅಗಲ ಸುಮಾರು 6 ಇಂಚು, ಎತ್ತರ 28ರಿಂದ 29 ಇಂಚು. ನಮ್ಮ ಹಿರಿಯರು ಅದರಲ್ಲಿಯೇ ಹಡ್ಲು ದಾಟಿದರು, ಗುಡ್ಡ ಏರಿದರು.

ಆಮೇಲೆ ಬಂದದ್ದು ಅಗಲ ಟಯರಿನ ಮೋಜು. ಪೇಟೆಯಲ್ಲಿ ಒಬ್ಬರು 31 ಇಂಚು ಎತ್ತರ, 10.5 ಇಂಚು ಅಗಲದ ಟಯರು ಹಾಕಿಸಿದರೆ ಮರುವಾರ ಊರಿನ ಮೂರು ಜೀಪಿಗೆ ಅದೇ ಬಂತು. ನಾವೂ ಇದಕ್ಕೆ ಹೊರತಲ್ಲ. 15 ಇಂಚಿನ, 8 ಇಂಚು ಅಗಲದ ರಿಮ್ಮು ತಂದೆವು. ಜೀಪು ನೋಡಲು ಗೂಳಿಯ ಹಾಗಿತ್ತು. ಜೂನ್ ತಿಂಗಳ ಮಳೆ ಹಿಡಿದಾಗ ಗೂಳಿಯ ಬಂಡವಾಳ ಬಯಲಾಯಿತು. ಸ್ಟೀರಿಂಗು ಕಲ್ಲಿನಂತೆ ಭಾರ, ಏರಿನಲ್ಲಿ ಎಂಜಿನ್ನಿಗೆ ಏದುಸಿರು, ಕೆಸರಿನಲ್ಲಿ ಮುಂದಕ್ಕೆ ಹೋಗುವುದಕ್ಕಿಂತ ಪಕ್ಕಕ್ಕೆ ಜಾರಿದ್ದೇ ಹೆಚ್ಚು.

ಹಾಗಾಗಿ ಕಿರಿದು ಟಯರಿಗೆ ಮರಳಬೇಕೆಂದು ತೀರ್ಮಾನಿಸಿದೆವು. ತೀರ್ಮಾನ ಸರಿಯಾಗಿತ್ತು, ಮಾಡಿದ ಕೆಲಸ ತಪ್ಪಾಗಿತ್ತು. ರಿಮ್ಮಿನ ದುಡ್ಡು ಉಳಿಸಲು ಹೋಗಿ, ಅದೇ 8 ಇಂಚಿನ ರಿಮ್ಮಿಗೆ 215/75 ಆರ್ 15 ಟಯರು ಕೂರಿಸಿಕೊಂಡೆವು. ಅಂಗಡಿಯವರು “ಚೆನ್ನಾಗಿ ಕೂತಿದೆ” ಎಂದರು, ನಾವು ನಂಬಿದೆವು. ಆ ಟಯರಿಗೆ 7 ಇಂಚಿಗಿಂತ ಅಗಲದ ರಿಮ್ಮು ಸಲ್ಲದು. ಬದಿಗಳು ಎಳೆದು ಹಿಡಿದ ಡೋಲಿನ ಚರ್ಮದಂತೆ ಚಾಚಿಕೊಂಡಿದ್ದವು. ಕೆಸರಿಗೆಂದು ಗಾಳಿಯನ್ನೂ ತಗ್ಗಿಸಿದ್ದೆವು. ಕಣದ ಮೇಲಿನ ತಿರುವಿನಲ್ಲಿ, ಹಿಂದೆ ಮೂಟೆಯೂ ಮೂಟೆಯ ಮೇಲೆ ಕೆಲಸದವರೂ ಇದ್ದಾಗ, ಮುಂದಿನ ಟಯರಿನ ಅಂಚು ರಿಮ್ಮು ಬಿಟ್ಟು ಕಳಚಿತು. ಜೀಪು ಧರೆಯ ಕಡೆಗೆ ವಾಲಿ ನಿಂತದ್ದು ದೇವರ ದಯೆ. ಇನ್ನೊಂದು ಪಕ್ಕದಲ್ಲಿ ಇದ್ದದ್ದು ಅಡಿಕೆ ತೋಟದ ಕಮರಿ. ಕೆಲಸದ ಹೆಂಗಸೊಬ್ಬರ ಮುಂಗೈ ಮುರಿಯಿತು. ಆ ಕೊಯ್ಲಿನಲ್ಲಿ ಅವರು ಮತ್ತೆ ಬುಟ್ಟಿ ಹಿಡಿಯಲಾಗಲಿಲ್ಲ. ನಾವು ಉಳಿಸಿದ ರಿಮ್ಮಿನ ದುಡ್ಡಿಗೆ ಬೆಲೆ ತೆತ್ತವರು ಅವರು. ಮೂಟೆಯ ಮೇಲೆ ಜನ ಕೂರಿಸಿದ್ದೂ ನಮ್ಮದೇ ತಪ್ಪು. ಇದನ್ನು ಬರೆಯಲು ನಾಚಿಕೆಯಾಗುತ್ತದೆ. ಬರೆಯದಿದ್ದರೆ ಇನ್ನೊಬ್ಬರಿಗೂ ಇದೇ ಆದೀತು.

ಕಿರಿದು ಟಯರು ನಮ್ಮ ನೆಲಕ್ಕೆ ಏಕೆ ಒಪ್ಪುತ್ತದೆ? ಮಲೆನಾಡಿನ ತೋಟದ ದಾರಿಯಲ್ಲಿ ಮೇಲಿನ ಮೂರು ನಾಲ್ಕು ಇಂಚು ಜಾರುವ ಕೆಸರು. ಅದರ ಕೆಳಗೆ ಜಂಬಿಟ್ಟಿಗೆಯದೋ ಕಲ್ಲಿನದೋ ಗಟ್ಟಿ ನೆಲ. ಕಿರಿದು ಟಯರು ಕೆಸರನ್ನು ಸೀಳಿ ಆ ಗಟ್ಟಿ ನೆಲವನ್ನು ಮುಟ್ಟುತ್ತದೆ. ಅಗಲ ಟಯರು ಕೆಸರಿನ ಮೇಲೆಯೇ ತೇಲುತ್ತದೆ. ಕೆಸರನ್ನು ಮುಂದಕ್ಕೆ ನೂಕುವ ಶ್ರಮವೂ ಕಿರಿದು ಟಯರಿಗೆ ಕಡಿಮೆ. ನಮ್ಮ ದಾರಿಗಳೂ ಒಂದು ಪಕ್ಕ ಧರೆ, ಒಂದು ಪಕ್ಕ ಕಮರಿ ಇರುವ ಇಕ್ಕಟ್ಟಿನ ದಾರಿಗಳು. ಅಲ್ಲಿ ಹೊರಕ್ಕೆ ಚಾಚಿದ ಚಕ್ರ ದಾರಿಯ ಅಂಚನ್ನು ಕುಸಿಯುವಂತೆ ಮಾಡುತ್ತದೆ.

ಆದರೆ ನ್ಯಾಯವಾಗಿ ಇನ್ನೊಂದು ಪಕ್ಷವನ್ನೂ ಹೇಳಬೇಕು. ತಳವೇ ಸಿಗದ ಹೂಳಿನಲ್ಲಿ, ಮರಳಿನಲ್ಲಿ, ಗದ್ದೆಯಲ್ಲಿ ಅಗಲ ಟಯರೇ ಮೇಲು. ಅಂತಹ ನೆಲದಲ್ಲಿ ದಿನವೂ ಓಡಾಡುವವರು ನಮ್ಮ ಮಾತನ್ನು ಬಿಡಬಹುದು. ಕಿರಿದು ಟಯರು ದಾರಿಯನ್ನು ಕೊರೆಯುತ್ತದೆ ಎಂಬ ಆಕ್ಷೇಪವೂ ಇದೆ. ಅದರಲ್ಲಿ ಸ್ವಲ್ಪ ಸತ್ಯವುಂಟು. ಆದರೆ ದಾರಿಯನ್ನು ಹೆಚ್ಚು ಹಾಳುಮಾಡುವುದು ಹಿಡಿತ ಸಿಗದೆ ನಿಂತಲ್ಲೇ ತಿರುಗುವ ಚಕ್ರ. ಗಾಲಿ ಜಾಡಿಗೆ ಕಲ್ಲು ತುಂಬಿಸಿ, ಪಕ್ಕದ ಚರಂಡಿ ತೆಗೆಸಿದರೆ ಕೊರಕಲಿನ ಭಯ ಬಹುಮಟ್ಟಿಗೆ ತಪ್ಪುತ್ತದೆ.

ಇನ್ನು ಮುಖ್ಯ ಮಾತು. ಟಯರು ಬದಲಿಸುವವರು ಮೊದಲು ನೋಡಬೇಕಾದದ್ದು ರಿಮ್ಮನ್ನು. ಸಾಮಾನ್ಯವಾಗಿ ರಿಮ್ಮಿನ ಅಗಲವು ಟಯರಿನ ಅಗಲದ ಮುಕ್ಕಾಲು ಪಾಲಿನ ಆಸುಪಾಸಿನಲ್ಲಿರಬೇಕು. 6 ಇಂಚಿನ ಟಯರಿಗೆ 4.5 ಇಂಚಿನ ರಿಮ್ಮು ಬಂದದ್ದು ಇದೇ ಲೆಕ್ಕದಲ್ಲಿ. 215/75 ಆರ್ 15ಕ್ಕೆ 5.5 ಅಥವಾ 6 ಇಂಚು ಚೆನ್ನ. 235/75 ಆರ್ 15ಕ್ಕೆ 6 ಅಥವಾ 6.5 ಇಂಚು. ಅಳೆಯುವುದು ರಿಮ್ಮಿನ ಹೊರ ಅಂಚಿನಿಂದಲ್ಲ. ಟಯರಿನ ಅಂಚು ಕೂರುವ ಒಳಗಿನ ಎರಡು ಗೋಡೆಗಳ ನಡುವೆ. ಹೊರಗಿನಿಂದ ಅಳೆದರೆ ಸುಮಾರು ಒಂದು ಇಂಚು ಹೆಚ್ಚೇ ಕಾಣುತ್ತದೆ.

ಎರಡನೆಯದು ಸ್ಟಡ್ಡಿನ ಲೆಕ್ಕ. ಹಳೆಯ ಜೀಪಿಗೆ ಐದು ಸ್ಟಡ್ಡು. ಅವು ಕೂತಿರುವ ವೃತ್ತದ ಅಡ್ಡಳತೆ 5.5 ಇಂಚು, ಅಂದರೆ 139.7 ಮಿಲಿಮೀಟರು. ಪಕ್ಕಪಕ್ಕದ ಎರಡು ಸ್ಟಡ್ಡುಗಳ ನಡು ಬಿಂದುಗಳ ಅಂತರ 82 ಮಿಲಿಮೀಟರು ಬಂದರೆ ಅಳತೆ ಸರಿಯಿದೆಯೆಂದು ತಿಳಿಯಬಹುದು. 1985ರಲ್ಲಿ ಬಂದ ಮಾರುತಿ ಜಿಪ್ಸಿಗೂ ಇದೇ ಅಳತೆ. ಆದ್ದರಿಂದಲೇ ಗುಜರಿಯಲ್ಲಿ ಸಿಕ್ಕ ಜಿಪ್ಸಿ ರಿಮ್ಮು ಜೀಪಿಗೆ ಬರುತ್ತದೆ. ಸ್ಟಡ್ಡಿಗೆ ಕೂತ ಮಾತ್ರಕ್ಕೆ ರಿಮ್ಮು ಹೊಂದಿತೆಂದು ತಿಳಿಯಬಾರದು. ನಡುವಿನ ತೂತು ಹಬ್ಬಿಗೆ ಸರಿಯಾಗಿ ಕೂರಬೇಕು. ನಟ್ಟಿನ ಇಳಿಜಾರು ಮುಖ ರಿಮ್ಮಿನ ತೂತಿನ ಇಳಿಜಾರಿಗೆ ಹೊಂದಬೇಕು. ಜೀಪಿನ ಅರ್ಧ ಇಂಚಿನ ನಟ್ಟು ಬೇರೆ, ಜಿಪ್ಸಿಯ 12 ಮಿಲಿಮೀಟರಿನ ನಟ್ಟು ಬೇರೆ. ಕಣ್ಣಿಗೆ ಒಂದೇ ರೀತಿ ಕಂಡರೂ ಅದಲು ಬದಲು ಮಾಡುವಂತಿಲ್ಲ. ಬಹಳ ಹಳೆಯ ವಿಲ್ಲಿಸ್ ಜೀಪುಗಳಲ್ಲಿ ಎಡಗಡೆಯ ಚಕ್ರಗಳಿಗೆ ಎಡ ಮರೆಯ ನಟ್ಟು ಇರುತ್ತದೆ. ಇದು ತಿಳಿಯದೆ ಹುಡುಗರು ಉದ್ದನೆಯ ಪೈಪು ಹಾಕಿ ತಿರುಗಿಸಿ ಸ್ಟಡ್ಡನ್ನೇ ಮುರಿದದ್ದುಂಟು.

ಮೂರನೆಯದು, ರಿಮ್ಮಿನ ಡಿಸ್ಕು ಎಷ್ಟು ಒಳಕ್ಕೆ ಅಥವಾ ಹೊರಕ್ಕೆ ಕೂತಿದೆ ಎಂಬುದು. ಚಕ್ರ ಹೊರಕ್ಕೆ ಹೋದಷ್ಟೂ ಬೇರಿಂಗಿನ ಮೇಲೂ ಕಿಂಗ್‌ಪಿನ್ನಿನ ಮೇಲೂ ಹೊರೆ ಹೆಚ್ಚು. ತೀರ ಒಳಕ್ಕೆ ಬಂದರೆ ತಿರುವಿನಲ್ಲಿ ಟಯರು ಸ್ಪ್ರಿಂಗಿಗೆ ಉಜ್ಜುತ್ತದೆ. ಹೊಸ ರಿಮ್ಮು ಹಾಕಿದ ಮೇಲೆ ಸ್ಟೀರಿಂಗನ್ನು ಎರಡೂ ಕಡೆಗೆ ಕೊನೆಯವರೆಗೆ ತಿರುಗಿಸಿ ನೋಡಿಯೇ ಮನೆಗೆ ಹೊರಡಿ. ನಟ್ಟನ್ನು ಎದುರುಬದುರಾಗಿ ಬಿಗಿಸಿ, ಐವತ್ತು ಕಿಲೋಮೀಟರು ಓಡಿದ ಮೇಲೆ ಮತ್ತೊಮ್ಮೆ ಬಿಗಿಸಿರಿ.

ನಾಲ್ಕೂ ಚಕ್ರದ ಎತ್ತರ ಒಂದೇ ಇರಲಿ. ಹಿಂದೆ ದೊಡ್ಡದು, ಮುಂದೆ ಸಣ್ಣದು ಹಾಕಿ ನಾಲ್ಕು ಗಾಲಿಯ ಗೇರಿಗೆ ಹಾಕಿದರೆ ಮುಂದಿನ ಹಿಂದಿನ ಆಕ್ಸಲುಗಳು ಒಂದನ್ನೊಂದು ಜಗ್ಗಿ, ಗೇರುಪೆಟ್ಟಿಗೆ ಪೆಟ್ಟು ತಿನ್ನುತ್ತದೆ. 235/75 ಆರ್ 15ರ ಎತ್ತರ ಸುಮಾರು 29 ಇಂಚು, ಮೂಲ ಟಯರಿಗೆ ಹತ್ತಿರದ್ದೇ. 31 ಇಂಚಿನದು ಹಾಗಲ್ಲ; ಅದು ಪ್ರತಿ ಗೇರಿನ ಎಳೆತವನ್ನೂ ಅಷ್ಟರ ಮಟ್ಟಿಗೆ ಕುಗ್ಗಿಸುತ್ತದೆ.

ಟ್ರಾಕ್ಟರಿನ ಮುಂದಿನ ಟಯರೂ ಅನೇಕ ಸಲ 6.00-16 ಅಳತೆಯದೇ. ಕೇಳಿದೊಡನೆ ಅಂಗಡಿಯವರು ಉದ್ದುದ್ದ ಗೀರಿನ ಆ ಟಯರನ್ನು ಕೊಟ್ಟುಬಿಡಬಹುದು. ಅದು ನಿಧಾನದ ಓಟಕ್ಕೆ, ಸ್ಟೀರಿಂಗಿಗೆ ದಿಕ್ಕು ಕೊಡಲು ಮಾಡಿದ್ದು. ಏರಿನಲ್ಲಿ ಎಳೆಯಲು ಅಲ್ಲ, ಟಾರು ರಸ್ತೆಯ ವೇಗಕ್ಕೂ ಅಲ್ಲ. ಅಳತೆಯ ಅಂಕಿ ನೋಡಿ ಮೋಸಹೋಗಬೇಡಿ. ಜೀಪಿನ ಟಯರನ್ನೇ ಕೇಳಿ ಪಡೆಯಿರಿ.

ಹಳೆಯ ರಿಮ್ಮು ಕೊಳ್ಳುವವರು ಸ್ಟಡ್ಡಿನ ತೂತು ಮೊಟ್ಟೆಯಾಕಾರವಾಗಿದೆಯೇ, ಸುತ್ತ ಬಿರುಕಿದೆಯೇ ಎಂದು ಉಜ್ಜಿ ನೋಡಬೇಕು. ತುಕ್ಕು ಹಿಡಿದ, ರಿವೆಟ್ಟಿನ ಹಳೆಯ ರಿಮ್ಮಿಗೆ ಟ್ಯೂಬು ಬೇಕೇಬೇಕು. ಸೈನ್ಯದ ಹಳೆಯ ಜೀಪುಗಳಲ್ಲಿ ಎರಡು ಹೋಳನ್ನು ಬೋಲ್ಟಿನಿಂದ ಬಿಗಿದ ರಿಮ್ಮು ಕಾಣಸಿಗುತ್ತದೆ. ಗಾಳಿಯನ್ನು ಪೂರ್ತಿ ತೆಗೆಯದೆ ಆ ಬೋಲ್ಟಿಗೆ ಸ್ಪಾನರು ಹಾಕಿದರೆ ಜೀವಕ್ಕೇ ಅಪಾಯ. ಅಗಲ ರಿಮ್ಮನ್ನು ಕೊಯ್ದು ವೆಲ್ಡಿಂಗು ಮಾಡಿ ಕಿರಿದು ಮಾಡಿಕೊಡುತ್ತೇವೆ ಎನ್ನುವವರ ಬಳಿಗಂತೂ ಹೋಗಲೇಬೇಡಿ. ಗೇಟಿಗೆ ಹಾಕಿದ ವೆಲ್ಡಿಂಗು ಬಿಟ್ಟರೆ ದನ ನುಗ್ಗೀತು, ಚಕ್ರದ್ದು ಬಿಟ್ಟರೆ ಮನೆ ಮುಳುಗೀತು.

ಕಾನೂನಿನ ಮಾತನ್ನೂ ಮರೆಯುವಂತಿಲ್ಲ. 1988ರ ಮೋಟಾರು ವಾಹನ ಕಾಯ್ದೆಯ 52ನೆಯ ಕಲಮು ತಯಾರಕರು ಕೊಟ್ಟ ವಿವರಕ್ಕೆ ವಿರುದ್ಧವಾದ ಮಾರ್ಪಾಟನ್ನು ತಡೆಯುತ್ತದೆ. ಮೂಲದ ಅಳತೆಗೆ ಮರಳಿದವರಿಗೆ ಈ ಕಡೆಯಿಂದಲೂ ನಿಶ್ಚಿಂತೆ.

ಕಡೆಯದಾಗಿ ನಮ್ಮ ಸಂಘಕ್ಕೆ ಒಂದು ಸಲಹೆ. ಒಬ್ಬೊಬ್ಬರೇ ಪೇಟೆಗೆ ಹೋಗಿ ಸಿಕ್ಕಿದ್ದನ್ನು ತರುವ ಬದಲು, ಪ್ರತಿ ವರ್ಷ ಏಪ್ರಿಲ್ ತಿಂಗಳಲ್ಲಿ ಸದಸ್ಯರಿಂದ ಬೇಡಿಕೆ ಪಟ್ಟಿ ತೆಗೆದುಕೊಂಡು, ಟಯರು, ಟ್ಯೂಬು, ಸರಿಯಾದ 4.5 ಇಂಚಿನ ರಿಮ್ಮುಗಳನ್ನು ಗೊಬ್ಬರದಂತೆಯೇ ಒಟ್ಟಿಗೆ ತರಿಸಬಾರದೇಕೆ? ಮಳೆಗೆ ಮುಂಚೆ ಒಂದು ದಿನ ಗೋದಾಮಿನ ಅಂಗಳದಲ್ಲಿ ಅನುಭವಸ್ಥ ಮೆಕ್ಯಾನಿಕ್ಕರೊಬ್ಬರನ್ನು ಕೂರಿಸಿ ಎಲ್ಲರ ಚಕ್ರ ನೋಡಿಸಬಾರದೇಕೆ? ಮುಂದಿನ ಸಭೆಯಲ್ಲಿ ಈ ವಿಷಯ ಎತ್ತಲಿದ್ದೇವೆ. ಒಪ್ಪುವವರೂ ಒಪ್ಪದವರೂ ಬಂದು ಮಾತಾಡಬೇಕು.

ನಾವು ಈಗ 16 ಇಂಚಿನ ಮೂಲ ರಿಮ್ಮಿಗೇ ಮರಳಿದ್ದೇವೆ. ಜೀಪು ನೋಡಲು ಬಡಕಲಾಗಿದೆ ಎಂದು ಪೇಟೆಯಲ್ಲಿ ನಗುತ್ತಾರೆ. ನಗಲಿ. ಮುಂಗೈ ಮುರಿದುಕೊಂಡ ಆ ಹೆಂಗಸು ಈಗ ಮತ್ತೆ ಕೆಲಸಕ್ಕೆ ಬರುತ್ತಿದ್ದಾರೆ. ಆದರೆ ಆ ತಿರುವು ಬಂದಾಗ ಇಳಿದು ನಡೆದೇ ಬರುತ್ತಾರೆ. ಅವರಿಗೆ ನಮ್ಮ ಜೀಪಿನ ಮೇಲೆ ಮತ್ತೆ ನಂಬಿಕೆ ಬರುವ ತನಕ ನಮ್ಮ ಲೆಕ್ಕ ಚುಕ್ತಾ ಆಗುವುದಿಲ್ಲ.